ಕೊನೆಯ ಅಧ್ಯಾಯ ಎದ್ದ ಮೇಲೆ

ನಮ್ಮ ದೊಡ್ಡಮ್ಮನ ಕೈಗೆ ಸಿಕ್ಕ ಯಾವ ಕಾದಂಬರಿಯೂ ಇಡಿಯಾಗಿ ಉಳಿದದ್ದಿಲ್ಲ. ಇಲಿಗಾದರೂ ಕರುಣೆ ಇರುತ್ತದೆ, ನಮ್ಮ ದೊಡ್ಡಮ್ಮನಿಗೆ ಇರಲಿಲ್ಲ! ಪುಸ್ತಕ ಬಂದ ತಕ್ಷಣ ಸೂಜಿ ಹಿಡಿದು ಹೊಲಿಗೆ ಬಿಚ್ಚುವುದು, ಕೊನೆಯ ಅಧ್ಯಾಯವನ್ನು ಎಳೆದು ತೆಗೆಯುವುದು, ಅದನ್ನು ಮೆಂತ್ಯದ ಡಬ್ಬಿಯಲ್ಲಿ ಮುಚ್ಚಿಡುವುದು. ಯಾಕೆ ಅಂತ ಕೇಳಿ ನೋಡಿ! "ಮಲಗೋ ಮುಂಚೆ ಯಾರಾದ್ರೂ ಸ್ಟ್ರಾಂಗ್ ಕಾಫಿ ಕುಡೀತಾರಾ? ಕೊನೆ ಅಧ್ಯಾಯ ಎದ್ದ ಮೇಲೆ" ಎಂದು ನಮ್ಮನ್ನೇ ದಬಾಯಿಸುತ್ತಿದ್ದಳು.

ಇದಕ್ಕೆಲ್ಲ ಮೂಲ ದೊಡ್ಡಪ್ಪನ ನಿದ್ದೆ. ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಅವರ ಸಂಸಾರ. ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣದ ಎದುರು ನಿಲ್ಲುವ ಕೆಲಸ ದೊಡ್ಡಪ್ಪನದು. ನೈಟ್ ಶಿಫ್ಟ್ ಮುಗಿಸಿ ಬಂದರೆ ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವರು ಮಲಗಬೇಕು. ಆದರೆ ಪಕ್ಕದಲ್ಲೇ ನಿಂತಿದ್ದ ಜೊತೆಗಾರನೊಬ್ಬ ತೂಕಡಿಸಿ ಕಾಲು ಸುಟ್ಟುಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ನಿದ್ದೆ ಹಾರಿಹೋಗಿತ್ತು. ಕಣ್ಣು ಮುಚ್ಚಿದರೆ ಆ ಕಾಲೇ ಕಾಣುತ್ತಿತ್ತು. ನಿದ್ದೆಗೆಟ್ಟು ಕೆಲಸಕ್ಕೆ ಹೋದರೆ ನಾಳೆ ಇವರಿಗೂ ಅದೇ ಗತಿಯಲ್ಲವೇ? ಗಸಗಸೆ ಪಾಯಸ ಆಯಿತು, ತಲೆಗೆ ಹರಳೆಣ್ಣೆ ಆಯಿತು, ಮಂತ್ರಿಸಿದ ದಾರವೂ ಆಯಿತು. ಕೊನೆಗೆ ದೊಡ್ಡಮ್ಮ ಕಾದಂಬರಿ ಹಿಡಿದು ಗಂಡನ ತಲೆದೆಸೆಯಲ್ಲಿ ಕೂತಳು.

ಮೊದಲನೆಯ ದಿನ ಫಜೀತಿಯಾಯಿತು. ಪತ್ತೇದಾರಿ ಕಥೆ. ದೊಡ್ಡಪ್ಪ ಹಾಸಿಗೆಯಲ್ಲಿ ಎದ್ದು ಕೂತು, "ಮುಂದಕ್ಕೆ ಓದೇ, ಮುಂದಕ್ಕೆ ಓದೇ" ಎಂದು ಊಟದ ಹೊತ್ತಿನ ತನಕ ಓದಿಸಿದರಂತೆ. ಮಾರನೆಯ ದಿನವೇ ಸೂಜಿ ಹೊರಬಂತು. ಹೇಗೂ ಇವತ್ತು ಕಳ್ಳ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ದೊಡ್ಡಪ್ಪ ಕಥೆ ಕೇಳುತ್ತ ಕೇಳುತ್ತ ಗೊರಕೆ ಹೊಡೆದರು. ಎದ್ದ ಮೇಲೆ ಕಾಫಿ, ಕಾಫಿಯ ಜೊತೆಗೆ ಕೊನೆಯ ಅಧ್ಯಾಯ. ಒಬ್ಬರ ಕಾಲು ಕಾರ್ಖಾನೆಯಲ್ಲಿ ಬೆಂದಿತು, ಇನ್ನೊಬ್ಬರ ಕಾಲು ಕಾದಂಬರಿಯಿಂದ ಉಳಿಯಿತು ಎಂದು ನಾನು ಇಂದಿಗೂ ಯಾರ ಎದುರಿಗಾದರೂ ಹೇಳಬಲ್ಲೆ. ಇದಕ್ಕೆ ಮೂಗು ಮುರಿಯುವವರು ಮುರಿದುಕೊಳ್ಳಲಿ.

ಮೂಗು ಮುರಿದವರಲ್ಲಿ ಮೊದಲಿಗರು ನಮ್ಮ ಸೋದರಮಾವ, ದೊಡ್ಡಮ್ಮನ ತಮ್ಮ. ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಹೇಳುವವರು.

"ಕೊಲೆ, ಕಳ್ಳತನ, ಓಡಿಹೋಗೋದು! ಇದನ್ನ ಸಾಹಿತ್ಯ ಅಂತಾರಾ ಅಕ್ಕ?"

"ಸಾಹಿತ್ಯ ಅಂತ ಯಾರು ಹೇಳಿದ್ರೋ ಮಾರಾಯ? ಇದು ನಿದ್ದೆ!"

"ನಿದ್ದೆ ಬರಬೇಕು ಅಂದ್ರೆ ಗಂಭೀರವಾದದ್ದು ಓದಬೇಕು" ಎಂದು ಮಾವ ಇಟ್ಟಿಗೆಯಷ್ಟು ದಪ್ಪದ ಗ್ರಂಥ ಕೊಟ್ಟುಹೋದರು. ಮೊದಲ ಪುಟದಲ್ಲೇ ದೊಡ್ಡಪ್ಪನ ಮನಸ್ಸು ಪುಸ್ತಕ ಬಿಟ್ಟು ಮತ್ತೆ ಕಾರ್ಖಾನೆಗೆ ಓಡಿತು! ದೊಡ್ಡಮ್ಮ ಗ್ರಂಥವನ್ನು ಮಾವನಿಗೇ ವಾಪಸು ಕೊಟ್ಟು, "ಬೇಜಾರಿನ ಪುಸ್ತಕದಲ್ಲಿ ಬರೋದು ನಿದ್ದೆ ಅಲ್ಲ ಕಣೋ, ಚಿಂತೆ. ಚಿಂತೆ ಒಳಗೆ ಬರದ ಹಾಗೆ ಬಾಗಿಲಲ್ಲಿ ಒಬ್ಬ ಒಳ್ಳೆ ಕಳ್ಳನ್ನ ಕೂರಿಸಬೇಕು" ಎಂದಳು.

ಸುದ್ದಿ ಹರಡಿತು. ನಿದ್ದೆ ಬಾರದ ಹೆಂಗಸರೆಲ್ಲ ಬಂದು ಕಾದಂಬರಿ ಕೇಳತೊಡಗಿದರು. ಇವಳು ನಾಡಿ ಹಿಡಿದವಳಂತೆ ಕೊಡುವಳು: ಅತ್ತೆಯ ಕಾಟ ಇದ್ದವಳಿಗೆ ಪತ್ತೇದಾರಿ, ಮಗಳ ಮದುವೆಯ ಚಿಂತೆಗೆ ರಾಜರಾಣಿಯರ ಕಥೆ. ಸೂರ್ಯಾಸ್ತದ ವರ್ಣನೆ ಇದ್ದರೆ ಪುಸ್ತಕವೇ ಬೇಡ. "ಸೂರ್ಯ ಮುಳುಗೋದು ನಮ್ಮ ಹಿತ್ತಲಲ್ಲೇ ಕಾಣ್ಸುತ್ತಲ್ಲ!" ಕನ್ನಡ ಓದಲು ಬಾರದ ಪಕ್ಕದ ಮನೆಯ ತಮಿಳಮ್ಮನಿಗೆ ಬೇಲಿಯ ಮೇಲಿಂದಲೇ ಕಥೆ ಹೇಳಿ, ಕೊನೆ ಬರುವಷ್ಟರಲ್ಲಿ "ಉಳಿದದ್ದು ನಾಳೆ" ಎಂದು ಬಾಗಿಲು ಹಾಕಿಕೊಳ್ಳುವಳು.

ಪುಸ್ತಕ ತರುವ ಕೆಲಸ ನನ್ನದು. ಶಿವಮೊಗ್ಗದಲ್ಲಿ ಓದುತ್ತಿದ್ದೆ; ಗಾಂಧಿ ಬಜಾರಿನ ಸಾಹೇಬರೊಬ್ಬರ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು, ರೈಲು ಹತ್ತಿ ಭದ್ರಾವತಿಗೆ ಮುಟ್ಟಿಸುತ್ತಿದ್ದೆ. ದೊಡ್ಡಮ್ಮ ಕೊನೆಯ ಅಧ್ಯಾಯವನ್ನು ಮತ್ತೆ ಹೊಲಿದೇ ಹಿಂತಿರುಗಿಸುವಳು. ಒಂದು ಸಲ ಎರಡು ಪುಸ್ತಕಗಳ ಕೊನೆ ಅದಲುಬದಲಾಯಿತು! ಸಂಸಾರದ ಕಥೆಯಲ್ಲಿ ಇನ್ನೇನು ತಾಳಿ ಕಟ್ಟಬೇಕು, ಅಷ್ಟರಲ್ಲಿ ಇನ್‌ಸ್ಪೆಕ್ಟರ್ ನುಗ್ಗಿ ಎಲ್ಲರ ಕೈಗೂ ಬೇಡಿ ಹಾಕಿದ. ಪತ್ತೇದಾರಿ ಕಥೆಯಲ್ಲಿ ಹೆಣ ಸಿಕ್ಕ ಮನೆಯಲ್ಲೇ ಸೊಸೆ ಸೇರು ಒದ್ದು ಒಳಗೆ ಬಂದಳು. ಸಾಹೇಬರ ಅಂಗಡಿಯ ಮುಂದೆ ನಾನು ತಲೆತಗ್ಗಿಸಿ ನಿಂತರೆ ಅವರು, "ಅಮ್ಮಾವ್ರಿಗೆ ನನ್ನ ಸಲಾಮ್ ಹೇಳಮ್ಮ. ಮದುವೇಲಿ ಪೊಲೀಸ್ ಬರೋ ಪುಸ್ತಕ ಕೊಡಿ ಅಂತ ಜನ ಸಾಲು ನಿಂತಿದಾರೆ!" ಎನ್ನಬೇಕೇ!

ಇಷ್ಟೆಲ್ಲ ನಕ್ಕ ಮೇಲೆ ಒಂದು ವರ್ಷ ದೊಡ್ಡಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಶಿವಮೊಗ್ಗದ ಆಸ್ಪತ್ರೆ. ಡಾಕ್ಟರು ನಮಗೆ ಹೆಚ್ಚು ಧೈರ್ಯ ಹೇಳಲಿಲ್ಲ. ಬೆಳಿಗ್ಗೆ ದೊಡ್ಡಮ್ಮ ಮಂಚದ ಪಕ್ಕ ಕೂತು, ನನಗೂ ಮಾವನಿಗೂ ಕೇಳುವಂತೆ, ಜಮೀನ್ದಾರನೊಬ್ಬನ ಕೊಲೆಯ ಕಥೆ ಓದಿದಳು. ತಾನೂ ಇನ್ನೂ ಓದಿರದ ಕೊನೆಯ ಅಧ್ಯಾಯ ಮಾತ್ರ ಅವಳ ಮುಷ್ಟಿಯಲ್ಲಿತ್ತು. ಸ್ಟ್ರೆಚರ್ ಬಂತು.

"ಲೇ, ಇವತ್ತೊಂದು ದಿನ ಹೇಳಿಬಿಡೇ ಮಾರಾಯ್ತಿ. ಕೊಂದೋರು ಯಾರು?"

"ಎದ್ದು ಬಂದು ಕೇಳಿ."

ಹೇಳಿಬಿಡಿ ಎಂದು ನರ್ಸ್ ಹೇಳಿದಳು, ನಾನು ದೊಡ್ಡಮ್ಮನ ಕೈ ಹಿಡಿದು ಬೇಡಿದೆ, ಪತ್ತೇದಾರಿಯ ಕಡುವೈರಿ ಮಾವನೂ "ಹೇಳಿಬಿಡಕ್ಕ" ಎಂದರು. ದೊಡ್ಡಮ್ಮ ಜಗ್ಗಲಿಲ್ಲ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಮಾವನ ಕಡೆ ತಿರುಗಿ, "ಕೊನೆ ಕೇಳದೆ ಅವರು ಯಾವತ್ತಾದ್ರೂ ಬಿಟ್ಟಿದಾರೇನೋ? ಬರ್ತಾರೆ" ಎಂದಳು. ಆ ಮೇಲೆ ಮುಷ್ಟಿ ಬಿಚ್ಚಲೇ ಇಲ್ಲ.

ಸಂಜೆಗೆ ದೊಡ್ಡಪ್ಪ ಕಣ್ಣು ಬಿಟ್ಟರು. ಒಣಗಿದ ತುಟಿ ಅಲ್ಲಾಡಿತು. "ಯಾರೇ?"

ದೊಡ್ಡಮ್ಮ ಮುಷ್ಟಿ ಬಿಚ್ಚಿದಳು. ಅಷ್ಟು ಹೊತ್ತಿನ ಬೆವರಿಗೆ ಕಾಗದ ಮುದ್ದೆಯಾಗಿತ್ತು, ಒಂದಕ್ಷರವೂ ಓದುವಂತಿರಲಿಲ್ಲ. ಅವಳು ಆ ಮುದ್ದೆಯನ್ನೇ ಕಣ್ಣಿನ ಮುಂದೆ ಹಿಡಿದು, ದಿನಾ ಓದುವ ದನಿಯಲ್ಲೇ, ಕಣ್ಣೀರು ಸುರಿಸುತ್ತಲೇ ಓದಿದಳು: "ಕೊಂದದ್ದು ಆ ಮನೆ ಅಡುಗೆಯವನು ರೀ. ಸಿಕ್ಕಿಬಿದ್ದ."

ನಾನೂ ಮಾವನೂ ಮುಖ ನೋಡಿಕೊಂಡೆವು. ಆ ಕಥೆಯಲ್ಲಿ ಅಡುಗೆಯವನೇ ಇರಲಿಲ್ಲ! ಒಂದು ಅಧ್ಯಾಯವನ್ನೂ ಬಿಡದೆ ಕೇಳಿದ್ದ ದೊಡ್ಡಪ್ಪನಿಗೆ ಅದು ಗೊತ್ತಿರದೆ ಇರುತ್ತದೆಯೇ? ಅವರು ಹೆಂಡತಿಯ ಒದ್ದೆ ಅಂಗೈಯನ್ನು ಹಿಡಿದುಕೊಂಡು, "ನಂಗೆ ಮೊದಲಿಂದ್ಲೂ ಅವನ ಮೇಲೇ ಅನುಮಾನ ಇತ್ತು ಕಣೇ" ಎಂದು ಹೇಳಿ ನಿದ್ದೆ ಹೋದರು.