ಸದರಿ ವಿಳಾಸದಲ್ಲಿ ವಾಸವಿಲ್ಲ

ನನ್ನ ಷಡ್ಡಕ ಕದಿರೇಶನ ಮೇಲೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. (ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಅವನು ಮಾಲೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಯುಗಾದಿಗೆ ಮುಂಚೆ ಎರಡೂ ಸಂಸಾರದವರು ಸೇರಿ ಕೋಲಾರದ ಅಂಗಡಿಯೊಂದಕ್ಕೆ ವಾಷಿಂಗ್ ಮೆಷಿನ್ ನೋಡಲು ಹೋಗಿದ್ದೆವು. ನೋಡಲು ಎಂದರೆ ನೋಡಲು ಮಾತ್ರ. ಆದರೆ ಕದಿರೇಶ ಜೇಬಿನಿಂದ ಒಂದು ಕ್ರೆಡಿಟ್ ಕಾರ್ಡು ತೆಗೆದ. ಅಂಗಡಿಯವನು ಅದನ್ನು ಉಜ್ಜಿದ. ಎರಡು ಸಾವಿರ ರಿಯಾಯಿತಿ, ಉಳಿದದ್ದು ತಿಂಗಳ ಕಂತು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮೆಷಿನ್ ಅವನದಾಯಿತು. ಆಮೇಲೆ ಅಂಗಡಿಯವನು ನನ್ನತ್ತ ತಿರುಗಿ, "ಸಾರ್, ನಿಮ್ದು ಯಾವ ಕಾರ್ಡು?" ಎಂದ.

ನನ್ನ ಹತ್ತಿರ ಆಧಾರ್ ಕಾರ್ಡು, ರೇಷನ್ ಕಾರ್ಡು, ಓಟರ್ ಕಾರ್ಡು ಮೂರೂ ಇದ್ದವು. ಮೂರನ್ನೂ ಜೋಡಿಸಿದರೂ ವಾಷಿಂಗ್ ಮೆಷಿನ್ ಕೊಡುವುದಿಲ್ಲವಂತೆ.

ನನ್ನ ಹೆಂಡತಿ ಗಂಗಾಲಕ್ಷ್ಮಿ ಅಲ್ಲಿ ಏನೂ ಮಾತಾಡಲಿಲ್ಲ. ಶ್ರೀನಿವಾಸಪುರದ ಬಸ್ಸು ಹತ್ತಿ ಕೂತ ಮೇಲೆ ಮಾತ್ರ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎರಡು ಹಸು ಸಾಕಿ, ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕಿ, ಉಳಿದ ಹೊತ್ತಿನಲ್ಲಿ ನಮ್ಮೆಲ್ಲರ ಬಟ್ಟೆ ಒಗೆಯುವ ಕೈಗಳು. ಸೋಪಿನ ನೀರಿಗೆ ಬೆರಳ ಸಂದುಗಳು ಬಿರಿದಿದ್ದವು. ಅವಳು ಬೈದಿದ್ದರೆ ಬೈಸಿಕೊಂಡು ಮರೆಯುತ್ತಿದ್ದೆ. ನನ್ನ ಹೆಸರು ಗಂಗಾಧರ, ಎಂದರೆ ಗಂಗೆಯನ್ನು ತಲೆಯ ಮೇಲೆ ಹೊತ್ತವನು. ಮದುವೆಯಾದ ಇಪ್ಪತ್ತೆರಡು ವರ್ಷಗಳಿಂದ ಹೆಸರಿಗೆ ತಕ್ಕಂತೆ ಬಾಳಿದವನು ನಾನು. ಆದರೆ ಆ ಮೌನವನ್ನು ಹೊರಲಾಗಲಿಲ್ಲ.

ಮಾರನೆಯ ದಿನವೇ ನಮ್ಮ ಊರಿನ ಬ್ಯಾಂಕಿಗೆ ಹೋಗಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದೆ. ನಮ್ಮ ಭಾಗದವರದ್ದೇ ಬ್ಯಾಂಕು ಅದು, ಹೆಸರು ಬೇಡ. ನಾನು ಗುಮಾಸ್ತನಾಗಿರುವ ಮಾವಿನ ತಿರುಳಿನ ಫ್ಯಾಕ್ಟರಿಯ ಸಂಬಳವೂ ಅಲ್ಲಿಗೇ ಬರುತ್ತದೆ. ಎಂಟು ಪುಟಗಳಲ್ಲಿ ಹದಿನಾಲ್ಕು ಕಡೆ ಸಹಿ ಹಾಕಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕಾರ್ಡು ಬಂದ ಮೇಲೆ ಮೆಷಿನ್ನನ್ನೇ ತಂದು ಅಂಗಳದಲ್ಲಿ ಇಳಿಸಿ, ಅವಳ ಮುಖ ನೋಡಬೇಕೆಂಬುದು ನನ್ನ ಘನ ಯೋಜನೆಯಾಗಿತ್ತು.

ಹತ್ತು ದಿನ ಕಳೆದು, ಫ್ಯಾಕ್ಟರಿಯಲ್ಲಿದ್ದಾಗ ಫೋನು ಬಂತು.

"ಸಾರ್, ಚಂದ್ರು ಅಂತ. ಬ್ಯಾಂಕಿಂದ ಅಡ್ರೆಸ್ ವೆರಿಫಿಕೇಶನ್‌ಗೆ ಬಂದಿದ್ದೀನಿ. ಮನೇಲಿ ಯಾರಾದ್ರೂ ಇದ್ದಾರಾ?"

"ನಮ್ಮ ಮನೆಯವರಿದ್ದಾರೆ, ಹೋಗಿ. ಅವರೇ ಯಾಕೆ, ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ನನ್ನ ಗೊತ್ತಿಲ್ದೇ ಇರೋರು ಯಾರೂ ಇಲ್ಲ" ಎಂದೆ, ಬಹಳ ಗಾಂಭೀರ್ಯದಿಂದ.

ಸಂಜೆ ಮನೆಗೆ ಬಂದರೆ ಮುಂಬಾಗಿಲಿಗೆ ಬೀಗ. ಕಿಟಕಿಯಿಂದ ಪಿಸುಮಾತು ಕೇಳಿಸಿತು.

"ರೀ, ಅಲ್ಲಿ ನಿಂತ್ಕೋಬೇಡಿ! ಹಿಂದ್ಗಡೆಯಿಂದ ಬನ್ನಿ, ಬೇಗ!"

ಕೊಟ್ಟಿಗೆ ದಾಟಿ, ಸಗಣಿ ತುಳಿದು, ನನ್ನ ಮನೆಗೆ ನಾನೇ ಕಳ್ಳನಂತೆ ನುಗ್ಗಿದೆ. ಗಂಗಾಲಕ್ಷ್ಮಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಬೆನ್ನು ಆನಿಸಿ ನಿಂತಳು.

"ಒಬ್ಬ ಬಂದಿದ್ದ. ಹೆಗಲಿಗೆ ಬ್ಯಾಗು, ಕಾಲಿಗೆ ಶೂಸು, ಕೈಲಿ ಟ್ಯಾಬು. ನಿಮ್ಮ ಹೆಸ್ರು ಹೇಳಿ, ಈ ಮನೇಲಿ ಇದ್ದಾರಾ ಅಂದ. ಇಲ್ಲ ಅಂದೆ. ಬಿಟ್ಟು ಹೋಗಿ ಮೂರು ವರ್ಷ ಆಯ್ತು ಅಂದೆ. ಕಳಿಸ್ಬಿಟ್ಟೆ."

ಆಗಿದ್ದೇನೆಂದರೆ, ನಮ್ಮ ಬೀದಿಯ ಹೆಂಗಸರಲ್ಲಿ ಅರ್ಧ ಜನ ವಾರದ ಕಂತಿನ ಸಾಲ ತೆಗೆದವರು. ವಸೂಲಿಯವರು ಬಂದು ಬಾಗಿಲಲ್ಲಿ ಕೂತು ಮರ್ಯಾದೆ ತೆಗೆಯುವುದನ್ನು ನೋಡಿ ನೋಡಿ, ಮಹಿಳಾ ಸಂಘದ ಅಧ್ಯಕ್ಷೆಯಾದ ನನ್ನ ಹೆಂಡತಿಯೇ ಒಂದು ಕಾಯಿದೆ ಮಾಡಿದ್ದಳು: ಶೂಸು ಹಾಕಿಕೊಂಡು ಟ್ಯಾಬು ಹಿಡಿದವನು ಯಾರ ಹೆಸರು ಕೇಳಿದರೂ ಆ ಮನುಷ್ಯ ಊರಲ್ಲಿಲ್ಲ. ಆ ಕಾಯಿದೆ ಜಾರಿಯಾದದ್ದು ನನ್ನ ಮೇಲೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ದನಿ ತಗ್ಗಿಸಿ ಕೇಳಿದಳು. "ಯಾರ ಹತ್ರ ತಗೊಂಡಿದ್ದೀರಿ? ಎಷ್ಟು? ನನ್ ಹತ್ರ ಸುಳ್ಳು ಹೇಳ್ಬೇಡಿ. ಎಷ್ಟಿದ್ರೂ ತೀರಿಸೋಣ. ಕೆಂದ ಹಸುಗೆ ಅರವತ್ತು ಸಾವಿರ ಬರುತ್ತೆ, ನಾನು ಆಗ್ಲೇ ವಿಚಾರಿಸಿದ್ದೀನಿ."

ಆ ಹಸುವನ್ನು ಅದು ಕರುವಾಗಿದ್ದಾಗಿನಿಂದ ಸಾಕಿದವಳು ಅವಳು. ಅದಕ್ಕೆ ಜ್ವರ ಬಂದರೆ ತಾನೂ ಊಟ ಬಿಡುವವಳು. ಅವಳ ಕಣ್ಣು ಕೆಂಪಾಗಿತ್ತು, ಮಧ್ಯಾಹ್ನವೆಲ್ಲ ಅತ್ತಿದ್ದಿರಬೇಕು. ನನಗೆ ನಗುವೂ ಬರಲಿಲ್ಲ, ಕೋಪವೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕಾರ್ಡು, ಮೆಷಿನ್ನು, ಅವಳ ಕೈಗಳು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಶುರುವಾಯಿತು.

"ಅಲ್ರೀ, ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಅವನಿಗೆ ಕಾಫಿ ಕೊಟ್ಟು ಕಳಿಸ್ತಿದ್ನಲ್ಲ! ಪಾಪ, ಬಿಸಿಲಲ್ಲಿ ಬಂದಿದ್ದ, ನೀರು ಕೇಳಿದ್ರೂ ಕೊಡ್ಲಿಲ್ಲ!"

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಅನಿತ ಮೇಡಂ ಕಂಪ್ಯೂಟರಿನಲ್ಲಿ ವರದಿ ತೆರೆದು ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಗಟ್ಟಿಯಾಗಿ ಓದಿದರು.

"ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ. ಪತ್ನಿಯ ಹೇಳಿಕೆ: ಮೂರು ವರ್ಷದ ಹಿಂದೆ ಮನೆ ಬಿಟ್ಟಿದ್ದಾರೆ. ಪಕ್ಕದ ಮನೆಯ ದೊಡ್ಡಮುನಿಯಮ್ಮನವರ ಹೇಳಿಕೆ: ಸನ್ಯಾಸಿಯಾಗಿದ್ದಾರೆ, ಕುರುಡುಮಲೆ ಗಣಪನ ಆಣೆ ಮಾಡಿ ಹೇಳಿದರು. ಎದುರಿನ ಅಂಗಡಿಯ ಸುಬ್ಬರಾಯಪ್ಪನವರ ಹೇಳಿಕೆ: ದುಬೈಗೆ ಹೋಗಿದ್ದಾರೆ, ಅಲ್ಲಿ ಇನ್ನೊಂದು ಸಂಸಾರವಿದೆ."

"ದುಬೈನಲ್ಲಾ?" ಎಂದು ಗಂಗಾಲಕ್ಷ್ಮಿ ನನ್ನತ್ತ ತಿರುಗಿದಳು. ಸುಬ್ಬರಾಯಪ್ಪ ಹೇಳಿದ್ದು ಶುದ್ಧ ಸುಳ್ಳೆಂದು ಅವಳಿಗೆ ಗೊತ್ತು. ಆದರೂ ಒಂದು ಗಳಿಗೆ ನನ್ನನ್ನು ಆ ಕಣ್ಣಿನಿಂದಲೇ ನೋಡಿದಳು.

"ಮೇಡಂ, ನಾನು ಇಲ್ಲೇ ಇದ್ದೀನಿ. ನಿಮ್ಮ ಮುಂದೆನೇ ನಿಂತಿದ್ದೀನಿ" ಎಂದೆ.

"ನೀವಿರೋದು ನನಗೆ ಕಾಣ್ಸುತ್ತೆ ಸಾರ್, ಸಿಸ್ಟಮ್‌ಗೆ ಕಾಣ್ಸಲ್ಲ. ಅರ್ಜಿ ರಿಜೆಕ್ಟ್ ಆಗಿದೆ. ಇನ್ನು ಆರು ತಿಂಗಳು ಕಾಯ್ಬೇಕು." ಇಷ್ಟು ಹೇಳಿದ ಮೇಡಂ ನನ್ನ ಹೆಂಡತಿಯ ಕಡೆ ನೋಡಿ ಎದ್ದೇ ನಿಂತರು. "ನೀವು ಸಂಘದ ಗಂಗಾಲಕ್ಷ್ಮಮ್ಮ ಅಲ್ವಾ? ಕೂತ್ಕೊಳ್ಳಿ ಅಮ್ಮ. ಹತ್ತು ವರ್ಷದಿಂದ ಸಂಘದ ಒಂದು ಕಂತೂ ತಪ್ಪಿಲ್ಲ, ಹಾಲಿನ ದುಡ್ಡು ತಪ್ಪದೆ ಬರುತ್ತೆ. ನಿಮಗಾದ್ರೆ ಈಗ್ಲೇ ಕಾರ್ಡು ಮಾಡ್ಕೊಡ್ತೀನಿ."

ಅಲ್ಲಿ ಇದ್ದದ್ದು ಒಂದೇ ಕುರ್ಚಿ. ನಾನು ನಿಂತೇ ಇದ್ದೆ.

ಅವಳ ಅರ್ಜಿಗೆ ಮೂರೇ ಕಡೆ ಸಹಿ. "ಇವರಿಗೂ ಒಂದು ಕೊಡಿ ಮೇಡಂ, ಆಸೆ ಪಟ್ಟಿದ್ದಾರೆ" ಎಂದು ಅವಳೇ ಶಿಫಾರಸು ಮಾಡಿದಳು. ಅವಳ ಕಾರ್ಡಿನ ಕೆಳಗೆ ನನಗೊಂದು ಮರಿಕಾರ್ಡು ಕೊಡಬಹುದಂತೆ. ಮಿತಿ ಎಷ್ಟಿರಲಿ ಎಂದು ಮೇಡಂ ಕೇಳಿದರು. ಗಂಗಾಲಕ್ಷ್ಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಎರಡು ಸಾವಿರ ಸಾಕು" ಎಂದಳು.

ಎರಡು ವಾರದಲ್ಲಿ ಕಾರ್ಡುಗಳು ಬಂದವು. ಅವಳೇ ಕೋಲಾರಕ್ಕೆ ಹೋಗಿ, ಕಾರ್ಡು ಉಜ್ಜಿಸಿ, ಕದಿರೇಶನದಕ್ಕಿಂತ ಒಂದು ಕೆಜಿ ದೊಡ್ಡ ಮೆಷಿನ್ ತಂದಳು. ಇಳಿಸುವಾಗ ಒಂದು ಮೂಲೆ ಹಿಡಿದುಕೊಳ್ಳುವ ಅವಕಾಶ ನನಗೂ ಸಿಕ್ಕಿತು. ಅವಳು ಮೊದಲ ಸಲ ಗುಂಡಿ ಒತ್ತಿ, ಬಟ್ಟೆ ತಿರುಗುವುದನ್ನು ಗಾಜಿನೊಳಗೆ ನೋಡುತ್ತಾ ಮೊಣಕಾಲೂರಿ ಕೂತಳು. ನಾನು ನೋಡಬೇಕೆಂದಿದ್ದ ಮುಖ ಅದೇ. ಯಾರ ಕಾರ್ಡಾದರೇನು ಎಂದು ಆಗ ಅನ್ನಿಸಿದ್ದು ನಿಜ.

ಆದರೂ ನನ್ನ ಕಾರ್ಡನ್ನು ಒಮ್ಮೆಯಾದರೂ ಉಜ್ಜದಿದ್ದರೆ ಹೇಗೆ? ಹೋದ ಶನಿವಾರ ಫ್ಯಾಕ್ಟರಿಯ ಕೆಲಸಕ್ಕೆ ಕೋಲಾರಕ್ಕೆ ಹೋದವನು ಬಸ್ ಸ್ಟ್ಯಾಂಡಿನ ಹತ್ತಿರದ ಮಿಠಾಯಿ ಅಂಗಡಿಗೆ ನುಗ್ಗಿ, ಕಾಲು ಕೆಜಿ ಮೈಸೂರು ಪಾಕು ಕಟ್ಟಿಸಿದೆ. (ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಒಂದು ವರ್ಷವಾಗಿದೆ.) ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದೆ. ಅಂಗಡಿಯವನು ಉಜ್ಜಿದ. ಪೊಟ್ಟಣ ನನ್ನ ಕೈಗೆ ಬರುವ ಮೊದಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ನನ್ ಫೋನಿಗೆ ಮೆಸೇಜು ಬಂತು" ಎಂದಳು ಗಂಗಾಲಕ್ಷ್ಮಿ. "ಸ್ವೀಟ್ ಸ್ಟಾಲ್ ಅಂತಿದೆ. ಯಾರಿಗೆ?"

"ನಿನಗೇ ಕಣೇ, ಕಾಲು ಕೆಜಿ ಮೈಸೂರು ಪಾಕು" ಎಂದೆ.

"ಹೌದಾ? ತನ್ನಿ. ಕಾಲು ಕೆಜಿಗೆ ಎಂಟೋ ಒಂಬತ್ತೋ ತುಂಡು ಬರುತ್ತೆ, ಲೆಕ್ಕ ಇಟ್ಕೊಂಡಿರ್ತೀನಿ."

ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ತುಪ್ಪದ ವಾಸನೆಗೆ ಪಕ್ಕದ ಸೀಟಿನವನು ಎರಡು ಸಲ ನನ್ನ ಮುಖ ನೋಡಿದ. ಪೊಟ್ಟಣವನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ಹಿಡಿದುಕೊಂಡು, ಒಂಬತ್ತನ್ನೂ ಒಂಬತ್ತಾಗಿಯೇ ಮನೆ ಮುಟ್ಟಿಸಿದೆ.