ವಾಸ್ಕೋಡಗಾಮ ವಾಪಸ್ ಹೋದ

ಇಪ್ಪತ್ತೊಂದು ವರ್ಷದಿಂದ ಪ್ರತಿ ಜೂನ್‌ನಲ್ಲಿ ವಾಸ್ಕೋಡಗಾಮನನ್ನು ಕಲ್ಲಿಕೋಟೆಗೆ ಕರೆತರುವ ನೌಕರಿ ನನ್ನದು. ಒಂದು ವರ್ಷವೂ ಅವನು ನೆಟ್ಟಗೆ ತಲುಪಿಲ್ಲ. ಹಡಗಿನ ತಪ್ಪಲ್ಲ, ನನ್ನ ತರಗತಿಯ ಮಕ್ಕಳದು. ಹೋದ ವರ್ಷ ಈ ಪಾಠದ ಉತ್ತರಪತ್ರಿಕೆ ನೋಡಿದ ಶಿಕ್ಷಣಾಧಿಕಾರಿ ಸಾಹೇಬರು ನನಗೊಂದು ನೋಟೀಸು ಕೊಟ್ಟರು. ಈ ವರ್ಷ ಖುದ್ದಾಗಿ ಬಂದು ತರಗತಿ ನೋಡುತ್ತಾರಂತೆ, ಸರಿಯಿಲ್ಲದಿದ್ದರೆ ವರದಿ ಮೇಲಕ್ಕೆ ಹೋಗುತ್ತದಂತೆ. ಮೇಲಕ್ಕೆ ಹೋದ ವರದಿ ಏನೇನು ಮಾಡುತ್ತದೆಂದು ನೌಕರಿಯಲ್ಲಿರುವವರಿಗೆ ಹೇಳಬೇಕಿಲ್ಲ. ಭಯವಾಯಿತು. ಆದರೆ ನೋಟೀಸಿಗೆ ಉತ್ತರ ಬರೆಯುತ್ತ ಕೂತಾಗ ಹಳೆಯದೆಲ್ಲ ನೆನಪಾಗಿ ನಗುವೂ ಬಂತು.

ಮುಚ್ಚಿದ ದಾರಿ

ಮೊದಲು ಚಳ್ಳಕೆರೆ ಕಡೆ, ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲಿನ ಹತ್ತಿರದ ಶಾಲೆಯಲ್ಲಿದ್ದೆ. ಕುರಿ ಕಾಯುವ ಮನೆಗಳ ಮಕ್ಕಳೇ ಹೆಚ್ಚು. "ಟರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಭೂಮಾರ್ಗ ಮುಚ್ಚಿತು. ಆಗ ಯುರೋಪಿನವರು ಧೈರ್ಯ ಮಾಡಿ ಸುತ್ತುಬಳಸಿನ ಹೊಸ ದಾರಿ ಹುಡುಕಿದರು" ಎಂದು ನಾನೇ ಹಡಗು ನಡೆಸಿದವನ ಹಾಗೆ ಹೇಳಿದೆ.

ಒಬ್ಬ ಎದ್ದ. "ಸಾ, ಕಾವಲಿಗೆ ಕಾಂಪೌಂಡ್ ಬಂದಾಗ ನಮ್ ತಾತನ್ ದಾರೀನೂ ಮುಚ್ಚೋಯ್ತು. ಇನ್ನೂರು ಕುರಿ ಹೊಡ್ಕಂಡು, ಸುತ್ತಾಕ್ಕಂಡು ಹೊಸ ದಾರಿ ಹುಡುಕ್ದ."

"ಶಭಾಷ್!" ಎಂದೆ.

"ಶಭಾಷ್ ಇರ್ಲಿ ಸಾ. ಅವನ್ ಪಾಠ ಯಾವಾಗ್ ಬರ್ತೈತೆ?"

ಶಾಸನ ಸಿಕ್ಕಿದ್ದು

ಒಮ್ಮೆ ಮಕ್ಕಳಿಗೆ ಅಶೋಕನ ಶಾಸನ ತೋರಿಸಲು ಸಿದ್ದಾಪುರಕ್ಕೆ ಹೋಗಿದ್ದೆ. ಬಂಡೆಗಳ ನಡುವೆ ದಾರಿ ತಪ್ಪಿತು. ಮೇಷ್ಟ್ರಾದವನು ಅದನ್ನು ಒಪ್ಪಿಕೊಳ್ಳುವುದುಂಟೇ? ಸುಮ್ಮನೆ ನಡೆಯುತ್ತಲೇ ಇದ್ದೆ. ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ತಡೆದರು. "ಎಲ್ಲಿಗ್ ಹೊಂಟೀರಿ ಮೇಷ್ಟ್ರೇ? ಮೂರ್ ಸಲ ಇದೇ ಬಂಡೆ ಸುತ್ತಿದ್ರಿ" ಎಂದು ಕರೆದೊಯ್ದು ಶಾಸನದ ಮುಂದೆ ನಿಲ್ಲಿಸಿದರು.

ಮರುದಿನ ಪ್ರವಾಸದ ಬಗ್ಗೆ ಬರೆಯಲು ಹೇಳಿದರೆ ಒಬ್ಬಳು ಹೀಗೆ ಬರೆದಿದ್ದಳು: 'ನಮ್ಮ ಸರ್ ಅಶೋಕನ ಶಾಸನವನ್ನು ಕಂಡುಹಿಡಿದರು. ಅವರಿಗೆ ದಾರಿ ತೋರಿಸಿದ ಅಜ್ಜಿಯ ಹೆಸರು ತಿಳಿದುಬಂದಿಲ್ಲ.'

ಇದೇನಮ್ಮ ಎಂದು ಕೇಳಿದೆ. "ಗಾಮನಿಗೆ ಆಫ್ರಿಕದಿಂದ ದಾರಿ ತೋರ್ಸಿದ ನಾವಿಕನ್ ಬಗ್ಗೆ ನೀವೇ ಹಂಗೆ ಬರೆಸಿದ್ರಲ್ಲ ಸಾ!"

ಕಲ್ಲಿಕೋಟೆಯ ಆಸ್ಥಾನ

ಸಾಹೇಬರು ಬರುವ ದಿನ ಬಂದೇಬಿಟ್ಟಿತು. ಈಗ ನಾನಿರುವುದು ಮೊಳಕಾಲ್ಮುರುವಿನಲ್ಲಿ. ತರಗತಿಯ ಅರ್ಧ ಮಕ್ಕಳು ಮಗ್ಗದ ಮನೆಯವರು. ಪಾಠ ಮಾಡಿದರೆ ತಾನೇ ಎಡವಟ್ಟು, ನಾಟಕ ಆಡಿಸೋಣ ಎಂದುಕೊಂಡೆ. ಗಾಮ ಕಾಣಿಕೆ ಕೊಡುತ್ತಾನೆ, ಕಲ್ಲಿಕೋಟೆಯ ದೊರೆ "ಸಂತೋಷ, ವ್ಯಾಪಾರ ಮಾಡಿಕೊಳ್ಳಿ" ಎನ್ನುತ್ತಾನೆ. ಹಿಂದೆಯೇ ಡಚ್ಚರು, ಇಂಗ್ಲಿಷರು, ಫ್ರೆಂಚರು ಬರುತ್ತಾರೆ. ಅಷ್ಟೇ. ಕಾಣಿಕೆಗೆ ನನ್ನ ಹೆಂಡತಿಯ ಸೀರೆ ತಂದಿದ್ದೆ. ಅಪ್ಪಟ ಮೊಳಕಾಲ್ಮುರು ರೇಷ್ಮೆಯೆಂದು ನಾನೇ ಕೊಡಿಸಿದ್ದು.

ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ದೊರೆಯ ಪಾತ್ರ ನೇಕಾರರ ಹುಡುಗಿಯೊಬ್ಬಳದು. ಗಾಮ ಬಗ್ಗಿ ಸೀರೆ ಕೊಟ್ಟ. ಅವಳು ಮಾತು ಒಪ್ಪಿಸುವ ಬದಲು ಸೆರಗು ತಿರುಗಿಸಿದಳು, ಅಂಚಿನ ಹಿಂಬದಿ ನೋಡಿದಳು, ಎರಡು ಬೆರಳಲ್ಲಿ ಉಜ್ಜಿದಳು.

"ಇದಿ ಪಟ್ಟು ಕಾದು" ಎಂದು ಮನೆಯ ತೆಲುಗಿನಲ್ಲೇ ಅಂದಳು. ಆಮೇಲೆ ಎಲ್ಲರಿಗೂ ತಿಳಿಯಲೆಂದು, "ಇದು ರೇಷ್ಮೆ ಅಲ್ಲ. ಪವರ್‌ಲೂಮ್ ಮಾಲು. ವಾಪಸ್ ತಗಂಡೋಗ್ರಿ."

ಬಾಗಿಲ ಮರೆಯಿಂದ ನಾನು ಗೋಗರೆದೆ. "ಒಪ್ಕಳವ್ವಾ! ಅವ್ನು ಹೋದ್ರೆ ಮುಂದಿನ್ ಪಾಠ ಬರಲ್ಲ!"

"ಬರದಿದ್ರೆ ಬ್ಯಾಡ ಸಾ. ನಕಲಿ ಮಾಲು ಒಪ್ಕಂಡ್ರೆ ನಮ್ಮಪ್ಪ ಸುಮ್ನಿರ್ತಾರಾ?"

ಗಾಮ ಸೀರೆ ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು ಪೋರ್ಚುಗಲ್ಲಿಗೆ ಹೊರಟ. ಅವನ ಹಿಂದೆ ಸರದಿಗೆ ಕಾಯುತ್ತಿದ್ದ ಡಚ್ಚರು, ಇಂಗ್ಲಿಷರು, ಫ್ರೆಂಚರೂ ಹೊರಟರು. ನನ್ನ ಇಡೀ ವರ್ಷದ ಪಠ್ಯ ಹೊಸಿಲು ದಾಟಿ ಹೋಯಿತು.

ಸಾಹೇಬರು ಎದ್ದು ಬಂದರು. ಹೊರಗೆ ಜಗಲಿಗೆ ಕರೆದು, "ಎಲ್ಲಿ ತಗಂಡ್ರಿ ಆ ಸೀರೆ?" ಎಂದರು. ಅಂಗಡಿ ಯಾವುದೆಂದು ಹೇಳಿದೆ. ಅವರು ಒಮ್ಮೆ ಒಳಗೆ ಆ ಹುಡುಗಿಯ ಕಡೆ ನೋಡಿದರು. ಆಮೇಲೆ ವರದಿಯ ಹಾಳೆ ತೆಗೆದು, 'ಅತ್ಯುತ್ತಮ' ಎಂದು ಬರೆದು ಸಹಿ ಹಾಕಿ, ದನಿ ತಗ್ಗಿಸಿ ಅಂದರು:

"ಮೇಷ್ಟ್ರೇ, ಮಗಳ ಮದುವೆಗೆ ಅಲ್ಲಿಂದ್ಲೇ ಹನ್ನೆರಡು ಸೀರೆ ತಂದೀನಿ. ಬೀಗರಿಗೂ ಅವನ್ನೇ ಕೊಟ್ಟೀನಿ. ಆ ಹುಡುಗೀನ ಮಾತ್ರ ನಮ್ಮನೆ ಕಡೆ ಕಳಿಸ್ಬೇಡ್ರಿ."