ದೋಣಿಯಿಂದ ಡ್ರೋನ್ ಹಾರಿಸುವಾಗ ಉತ್ತರ ದಿಕ್ಕನ್ನು ಕಾಪಾಡುವ ಕುರಿತು

ಕುರಿ ಮತ್ತು ಕಡಿದಾದ ದ್ವೀಪಗಳ ಇಲಾಖೆ
ಸ್ಟಾಪವೀಕ್ ಶಾಖೆ, ಫೇರೋ ದ್ವೀಪಗಳು

ಸಂಖ್ಯೆ: ಕು.ಕ.ದ್ವೀ.ಇ/ಡ್ರೋನ್/ಉತ್ತರ/ಮರುಪರಿಶೀಲನೆ-3
ದಿನಾಂಕ: ಮಂಜು ಕರಗಿದ ಮಾರನೆಯ ದಿನ

ಸುತ್ತೋಲೆ

ವಿಷಯ: ದೋಣಿಯಿಂದ ಡ್ರೋನ್ ಹಾರಿಸುವ ವೇಳೆ ಅದರ ದಿಕ್ಸೂಚಿಗೆ ಕಬ್ಬಿಣ, ಇಂಜಿನ್, ಚಾಕು, ಹಾಡು ಹಾಗೂ ಸೊಂಟಗಳಿಂದ ಉಂಟಾಗುವ ಗೊಂದಲವನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(ಅ) ಮೊದಲನೆಯ ಡ್ರೋನ್ (ಸಮುದ್ರದಲ್ಲಿದೆ).
(ಆ) ಎರಡನೆಯ ಡ್ರೋನ್ (ಅದೇ ಸಮುದ್ರ, ಬೇರೆ ಜಾಗ).
(ಇ) ರಾಜಧಾನಿಯ ಪ್ರಧಾನ ಕಚೇರಿಯ ಆದೇಶ (ಮೇಜಿನ ಮೇಲಿದೆ, ಅದರ ಮೇಲೆ ಕಾಫಿ ಚೆಲ್ಲಿರುವುದು ಉದ್ದೇಶಪೂರ್ವಕವಲ್ಲ).

ಪ್ರಸ್ತಾವನೆ:

ಲಾಂಬಹೋಲ್ಮ್ ದ್ವೀಪದ ನೆತ್ತಿಯ ಮೇಲೆ ಹುಲ್ಲಿದೆ, ಹುಲ್ಲಿನ ಮೇಲೆ ಕುರಿಗಳಿವೆ, ಸುತ್ತಲೂ ನೆಟ್ಟಗೆ ನಿಂತ ಬಂಡೆಯಿದೆ. ಸದರಿ ಕುರಿಗಳನ್ನು ಜೀವಮಾನವಿಡೀ ಹಗ್ಗ ಹಿಡಿದು ಹತ್ತಿ ನೋಡಿಕೊಂಡು ಬಂದವರು ಶ್ರೀ ಬಾರ್ದುರ್. ಕಳೆದ ಚಳಿಗಾಲದಲ್ಲಿ ಅವರ ಸೊಂಟದ ಕೀಲನ್ನು ತೆಗೆದು ಲೋಹದ್ದನ್ನು ಕೂರಿಸಲಾಗಿದ್ದು, ಇನ್ನು ಹಗ್ಗವನ್ನು ಮುಟ್ಟಕೂಡದೆಂದು ವೈದ್ಯರು ಅಪ್ಪಣೆ ಮಾಡಿರುತ್ತಾರೆ. ಊರಿನ ಉಳಿದ ಗಂಡಸರು ಹಗ್ಗವನ್ನು ಕಂಡ ಕೂಡಲೇ ಮೀನು ಹಿಡಿಯುವ ಕೆಲಸ ನೆನಪಾಗಿ ಹೊರಟುಹೋಗಿರುತ್ತಾರೆ.

ಆದ್ದರಿಂದ ಕುರಿಗಳನ್ನು ಕೆಳಗಿನಿಂದಲೇ ನೋಡಿಕೊಳ್ಳಲು ಡ್ರೋನ್‌ಗಳನ್ನು ಒದಗಿಸಲಾಯಿತು. ಹಿಮ ಬೀಳುವ ಮೊದಲು ಕುರಿಗಳು ಆರೋಗ್ಯವಾಗಿವೆ ಎಂಬುದಕ್ಕೆ ಚಿತ್ರಸಾಕ್ಷಿ ಬಾರದಿದ್ದಲ್ಲಿ, ಇಡೀ ಹಿಂಡನ್ನು ಹಗ್ಗ ಕಟ್ಟಿ ಕೆಳಗಿಳಿಸಿ, ದ್ವೀಪವನ್ನು ಹಕ್ಕಿಗಳಿಗೆ ಬಿಟ್ಟುಕೊಡತಕ್ಕದ್ದೆಂದು ಉಲ್ಲೇಖ (ಇ)ರಲ್ಲಿ ಆದೇಶಿಸಲಾಗಿದೆ. ಈ ಆದೇಶವನ್ನು ಓದಿ ಹೇಳಿದಾಗ ಶ್ರೀ ಬಾರ್ದುರ್ ಅವರು ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದರು. ಶಾಖಾಧಿಕಾರಿ ಶ್ರೀಮತಿ ಟೂರಿದ್ ಅವರಿಗೆ ಸಂಕಟವಾಯಿತು. ಸದರಿ ಸಂಕಟವನ್ನು ಕಡತಕ್ಕೆ ಸೇರಿಸಲಾಗಿದೆ.

ಈಗ ಇಲಾಖೆಯ ಬಳಿ ಉಳಿದಿರುವುದು ಒಂದೇ ಡ್ರೋನ್. ಮೊದಲನೆಯದನ್ನು ಶ್ರೀ ಹ್ಯಾಲ್ಗ್ರೀಮ್ ಅವರ ಉಕ್ಕಿನ ದೋಣಿಯ ಮೇಲೆ, ಇಂಜಿನ್‌ನ ನೆತ್ತಿಯ ಮೇಲಿಟ್ಟು ಹಾರಿಸಲಾಗಿತ್ತು. ಅದು ಇಂಜಿನ್ನೇ ಉತ್ತರವೆಂದು ನಂಬಿ, ದೋಣಿಯ ಸುತ್ತ ಪ್ರದಕ್ಷಿಣೆ ಹಾಕುತ್ತಾ ಹಾಕುತ್ತಾ ದೂರವಾಗಿ, ಕೊನೆಗೆ ಐಸ್‌ಲ್ಯಾಂಡಿನ ಕಡೆ ಮುಖ ಮಾಡಿ ನೀರಿಗಿಳಿಯಿತು. ಎರಡನೆಯದರ ವಿಷಯ ಇನ್ನೂ ನಾಚಿಕೆಗೇಡಿನದು. ದಿಕ್ಸೂಚಿಯನ್ನು ಹೊಂದಿಸಲು ಡ್ರೋನ್ ಹಿಡಿದವರು ನಿಂತಲ್ಲೇ ಒಂದು ಸುತ್ತು ತಿರುಗಬೇಕೆಂದು ಕೈಪಿಡಿಯಲ್ಲಿದೆ. ಸ್ಟಾಪವೀಕ್‌ನಲ್ಲಿ ಒಬ್ಬರು ಸುತ್ತತೊಡಗಿದರೆ ಪಕ್ಕದವರು ಕೈ ಹಿಡಿಯುವುದು ವಾಡಿಕೆ. ಅಂದು ಹಬ್ಬವೂ ಆಗಿತ್ತು. ದೋಣಿಯವರೆಲ್ಲ ಕೈಕೈ ಹಿಡಿದು, ವೀರಗೀತೆಯ ಮೊದಲ ಚರಣದಿಂದ ಕಡೆಯ ಚರಣದವರೆಗೆ ಕುಣಿದರು. ಪ್ರತಿಯೊಬ್ಬರ ಸೊಂಟದಲ್ಲೂ ಚಾಕು ಇತ್ತು. ಡ್ರೋನ್ ಮೇಲೇರಿ, ಆ ಕುಣಿತದಂತೆಯೇ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಹಾಕುತ್ತಾ ತಾಳ ತಪ್ಪದೆ ಹಾರಿ ಬಂಡೆಗೆ ಬಡಿದು ಸಮುದ್ರಕ್ಕೆ ಬಿತ್ತು. ಬಡಿದ ಮೇಲೂ ಹಾಡು ಮುಗಿದಿರಲಿಲ್ಲವಾದ್ದರಿಂದ ಕುಣಿತ ಮುಂದುವರಿಯಿತು.

ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟವರೆಲ್ಲರೂ ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ:

1. ದಿಕ್ಸೂಚಿಯನ್ನು ದೋಣಿ ಹತ್ತುವ ಮೊದಲೇ, ನೆಲದ ಮೇಲೆ, ಚರ್ಚಿನ ಹಿಂದಿನ ಹುಲ್ಲಿನಲ್ಲಿ ಹೊಂದಿಸತಕ್ಕದ್ದು. ಅಲ್ಲಿ ಪಾದ್ರಿಯವರ ಸೈಕಲ್ಲನ್ನು ಬಿಟ್ಟರೆ ಬೇರೆ ಕಬ್ಬಿಣವಿಲ್ಲ. ಆ ಹೊತ್ತಿನಲ್ಲಿ ಪಾದ್ರಿಯವರು ಸೈಕಲ್ ಹತ್ತಿ ಪಕ್ಕದ ಊರಿಗೆ ಹೋಗತಕ್ಕದ್ದು. ಪಕ್ಕದ ಊರಿನಲ್ಲಿ ಅವರಿಗೆ ಕೆಲಸವಿಲ್ಲದಿದ್ದರೂ ಹೋಗತಕ್ಕದ್ದು.

2. ಡ್ರೋನ್ ಹಿಡಿದು ಸುತ್ತುತ್ತಿರುವವರ ಕೈಯನ್ನು ಯಾರೂ ಹಿಡಿಯಕೂಡದು. ಹಾಡುವುದನ್ನು ನಿಷೇಧಿಸಲಾಗಿದೆ. ಬಾಯಿ ಮುಚ್ಚಿ ಗುನುಗಬಹುದು. ಯಾರದಾದರೂ ಕಾಲು ತಾನಾಗಿಯೇ ಎಡಕ್ಕೆ ಎರಡು ಹೆಜ್ಜೆ ಹಾಕಿದಲ್ಲಿ, ಅದನ್ನು ಗಾಳಿಯ ಹೊಡೆತವೆಂದು ಪರಿಗಣಿಸಲಾಗುವುದು.

3. ಉಕ್ಕಿನ ದೋಣಿಯ ಮೇಲಿನಿಂದ ಡ್ರೋನ್ ಹಾರಿಸುವುದನ್ನು ಸಂಪೂರ್ಣವಾಗಿ ರದ್ದುಪಡಿಸಲಾಗಿದೆ. ದೋಣಿಯ ಹಿಂದೆ ಸೆಣಬಿನ ಹಗ್ಗದಿಂದ ರಬ್ಬರಿನ ತೆಪ್ಪವೊಂದನ್ನು ಕಟ್ಟಿ, ದೂರ ತೇಲಲು ಬಿಟ್ಟು, ಇಂಜಿನ್ ನಿಲ್ಲಿಸಿ, ತೆಪ್ಪದಿಂದಲೇ ಹಾರಿಸತಕ್ಕದ್ದು. ಈ ಬಗ್ಗೆ ಶ್ರೀ ಹ್ಯಾಲ್ಗ್ರೀಮ್ ಅವರ ಆಕ್ಷೇಪಣೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನೋಡಮ್ಮಾ ಟೂರಿದ್, ನಮ್ಮಪ್ಪನ ಕಾಲದಿಂದ ಈ ದೋಣೀಲಿ ದಿಕ್ಕು ತಪ್ಪಿದೋರು ಯಾರೂ ಇಲ್ಲ. ಆ ನಿನ್ನ ಸೊಳ್ಳೆಗೆ ತಲೆ ಸರಿ ಇಲ್ಲ ಅಂದ್ರೆ ದೋಣಿ ಮೇಲೆ ಯಾಕೆ ಹಾಕ್ತೀಯಾ?" ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ಸೊಳ್ಳೆ ಎಂಬ ಪದವನ್ನು ಉಳಿಸಿಕೊಳ್ಳಲಾಗಿದೆ.

4. ತೆಪ್ಪದಲ್ಲಿ ಉಕ್ಕಿನ ಫ್ಲಾಸ್ಕ್ ಇರಕೂಡದು. ಕಾಫಿಯನ್ನು ಮನೆಯಲ್ಲೇ ಕುಡಿದು ಬರತಕ್ಕದ್ದು. ಸಾಲದಿದ್ದಲ್ಲಿ ಹಾಲು ಕರೆಯುವ ಮರದ ಕೊಳಗದಲ್ಲಿ ತರಬಹುದು. ಹಾಗೆ ತಂದ ಕಾಫಿಗೆ ಹಾಲಿನ ವಾಸನೆ, ಮುಂದೆ ಬರುವ ಹಾಲಿಗೆ ಕಾಫಿಯ ವಾಸನೆ ಹತ್ತಿದಲ್ಲಿ ಇಲಾಖೆಯು ಹೊಣೆಯಲ್ಲ.

5. ಚಾಕುಗಳ ಬಗ್ಗೆ: ಪ್ರತಿಯೊಬ್ಬರೂ ಸೊಂಟದ ಚಾಕುವನ್ನು ಬಿಚ್ಚಿ ದಡದಲ್ಲಿ ಒಪ್ಪಿಸತಕ್ಕದ್ದು. ಚಾಕು ಇಲ್ಲದೆ ಬಟ್ಟೆ ಕಳಚಿದಂತೆ ಅನ್ನಿಸುತ್ತದೆಂದು ದೋಣಿಯವರು ದೂರಿರುವುದರಿಂದ, ಅದೇ ಅಳತೆಯ ಮರದ ತುಂಡೊಂದನ್ನು ಒರೆಯಲ್ಲಿ ಸಿಕ್ಕಿಸಿಕೊಳ್ಳಲು ಅನುಮತಿಸಲಾಗಿದೆ. ಗಾಳಿಗೆ ಒಣಗಿಸಿದ ಕುರಿಮಾಂಸವನ್ನು ಮನೆಯಿಂದಲೇ ಹೆಚ್ಚಿ ತರತಕ್ಕದ್ದು. ಮರದ ತುಂಡಿನಿಂದ ಮಾಂಸ ಹೆಚ್ಚಲು ಹೋಗಿ ಇಲಾಖೆಯ ಸಮಯವನ್ನು ಹಾಳುಮಾಡಕೂಡದು.

6. ಉಡುಪಿನ ಬಗ್ಗೆ: ಜಿಪ್ಪು, ಬಕಲು, ಉಕ್ಕಿನ ಮೂತಿಯ ಬೂಟುಗಳನ್ನು ನಿಷೇಧಿಸಲಾಗಿದೆ. ಉಣ್ಣೆಯ ಬಟ್ಟೆಗಳನ್ನು ಉಣ್ಣೆಯ ದಾರದಿಂದಲೇ ಬಿಗಿದುಕೊಳ್ಳತಕ್ಕದ್ದು. ದಾರವು ಲಾಂಬಹೋಲ್ಮ್ ಕುರಿಗಳದ್ದೇ ಆಗಿದ್ದಲ್ಲಿ ಶಾಖಾಧಿಕಾರಿಯವರಿಗೆ ಸಂತೋಷವಾಗುವುದು. ಸಮುದ್ರದ ನಡುವೆ ದಾರ ಸಡಿಲಗೊಂಡಲ್ಲಿ ಉಳಿದವರೆಲ್ಲರೂ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲತಕ್ಕದ್ದು.

7. ಸೊಂಟದ ಬಗ್ಗೆ: ಕುರಿಗಳನ್ನು ಮುಖ ನೋಡಿ ಗುರುತಿಸಬಲ್ಲವರು ಶ್ರೀ ಬಾರ್ದುರ್ ಒಬ್ಬರೇ ಆದ್ದರಿಂದ ಅವರು ತೆಪ್ಪದಲ್ಲಿ ಇರತಕ್ಕದ್ದು. ಅವರ ಸೊಂಟದಲ್ಲಿ ಲೋಹ ಇರುವುದರಿಂದ ಸೊಂಟವು ಇರಕೂಡದು. ಈ ಎರಡನ್ನೂ ಹೊಂದಿಸುವ ಸಲುವಾಗಿ ಅವರು ತೆಪ್ಪದಲ್ಲಿ ಬೋರಲಾಗಿ ಮಲಗಿ, ಸೊಂಟವನ್ನು ಹಿಂತುದಿಯಲ್ಲೂ ಕಣ್ಣುಗಳನ್ನು ಮುಂತುದಿಯಲ್ಲೂ ಇಟ್ಟುಕೊಳ್ಳತಕ್ಕದ್ದು. ಶ್ರೀ ಬಾರ್ದುರ್ ಅವರ ಹೇಳಿಕೆ: "ಅಷ್ಟು ಕಷ್ಟ ಯಾಕಮ್ಮಾ? ಸೊಂಟ ಬಿಚ್ಚಿ ದಡದಲ್ಲೇ ಇಟ್ಟು ಬರ್ತೀನಿ. ಹ್ಯಾಲ್ಗ್ರೀಮನ ಹೆಂಡ್ತಿಗೆ ಹೇಳು, ಬೆಕ್ಕು ಎಳ್ಕೊಂಡು ಹೋಗ್ದಂಗೆ ನೋಡ್ಕೊಳ್ಲಿ."

ಸದರಿ ಸೊಂಟಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಡ್ರೋನ್‌ಗೆ ಅದರಿಂದ ಯಾವ ತೊಂದರೆಯೂ ಇಲ್ಲ ಎಂದು ಶಸ್ತ್ರವೈದ್ಯರು ದೂರವಾಣಿಯಲ್ಲಿ ತಿಳಿಸಿರುತ್ತಾರೆ. ಆದರೆ ಅಷ್ಟರಲ್ಲಿ ಈ ಕಂಡಿಕೆಯ ಬೆರಳಚ್ಚು ಮುಗಿದಿದ್ದರಿಂದ ಕಂಡಿಕೆಯು ಜಾರಿಯಲ್ಲಿರುವುದು.

8. ಡ್ರೋನನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದು ಹಾರಿಸತಕ್ಕದ್ದು. ಮರಳಿ ಬಂದಾಗ ಕೈಯಿಂದಲೇ ಹಿಡಿಯತಕ್ಕದ್ದು. ಹೊರಟ ಜಾಗಕ್ಕೆ ತಾನಾಗಿಯೇ ಮರಳುವ ಗುಂಡಿಯನ್ನು ಒತ್ತಕೂಡದು. ಡ್ರೋನ್ ಹೊರಟ ಜಾಗಕ್ಕೇ ಬರುತ್ತದೆ, ನಿಜ. ಅಷ್ಟರಲ್ಲಿ ತೆಪ್ಪವು ಆ ಜಾಗದಲ್ಲಿ ಇರುವುದಿಲ್ಲ.

9. ಇಷ್ಟಾದರೂ ಪರದೆಯಲ್ಲಿ "ದಿಕ್ಸೂಚಿ ದೋಷ" ಎಂದು ಕಂಡುಬಂದಲ್ಲಿ ಡ್ರೋನನ್ನು ಬೈಯಕೂಡದು, ಕುಲುಕಕೂಡದು, ಅದಕ್ಕೆ ಬೆರಳು ಮಾಡಿ ಉತ್ತರವನ್ನು ತೋರಿಸಕೂಡದು. ಕಳೆದ ಬಾರಿ ಹೀಗೆ ತೋರಿಸಲು ಹೋಗಿ ದೋಣಿಯಲ್ಲಿ ಜಗಳವಾಗಿದ್ದು, "ಉತ್ತರ ಅಲ್ಲಿದೆ ಕಣೋ ಮಂಕೆ, ನಮ್ಮಜ್ಜ ಸತ್ತಾಗ್ಲೂ ಅಲ್ಲೇ ಇತ್ತು" ಎಂದು ಶ್ರೀ ಹ್ಯಾಲ್ಗ್ರೀಮ್ ಅವರು ತೋರಿಸಿದ ದಿಕ್ಕಿನಲ್ಲಿ ಸೂರ್ಯ ಮುಳುಗುತ್ತಿದ್ದನು.

10. ಮೇಲಿನ ಯಾವುದೇ ಕಂಡಿಕೆಯು ಅರ್ಥವಾಗದಿದ್ದಲ್ಲಿ, ಅರ್ಥವಾಗಿದೆ ಎಂದು ಭಾವಿಸಿ ಸಹಿ ಮಾಡತಕ್ಕದ್ದು.

ಸೇರ್ಪಡೆ:

ಮೇಲಿನ ಸುತ್ತೋಲೆಯು ಸಹಿಗಾಗಿ ಕಾದಿದ್ದಾಗ ಗಾಳಿಯು ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋದ್ದರಿಂದ, ಸಹಿಗೆ ಕಾಯದೆ ಕಾರ್ಯಾಚರಣೆ ನಡೆಸಲಾಯಿತು. ಪಾದ್ರಿಯವರು ಪಕ್ಕದ ಊರಿಗೆ ಹೋದರು. ಚಾಕುಗಳು ದಡದಲ್ಲಿ ಉಳಿದವು. ಶ್ರೀಮತಿ ಟೂರಿದ್ ಅವರು ಬರಿಯ ಉಣ್ಣೆಯ ಕಾಲುಚೀಲದಲ್ಲಿ ತೆಪ್ಪದ ಮೇಲೆ ಮಂಡಿಯೂರಿ, ಎರಡೂ ಕೈಗಳಿಂದ ಡ್ರೋನನ್ನು ಮೇಲೆತ್ತಿದರು. ಅದು ಒಮ್ಮೆಯೂ ಅತ್ತಿತ್ತ ಹೊರಳದೆ, ಗೆರೆ ಎಳೆದಂತೆ ನೇರವಾಗಿ ಲಾಂಬಹೋಲ್ಮ್‌ನ ನೆತ್ತಿಗೆ ಹೋಯಿತು. ದಿಕ್ಸೂಚಿಯಲ್ಲಿ ಯಾವ ದೋಷವೂ ಕಂಡುಬಂದಿಲ್ಲವೆಂದು ದಾಖಲಿಸಲು ಇಲಾಖೆಗೆ ಹೆಮ್ಮೆಯಾಗುತ್ತದೆ.

ಪರದೆಯಲ್ಲಿ ಹುಲ್ಲು ಕಂಡಿತು. ಹುಲ್ಲಿನ ಆಚೆ ತುದಿಯಲ್ಲಿ ಟಗರೊಂದು ತಲೆ ಎತ್ತಿತು. ಮುಂದಿನ ಮಾತುಕತೆಯನ್ನು ಯಥಾವತ್ತಾಗಿ ನೀಡಲಾಗಿದೆ.

ಶಾಖಾಧಿಕಾರಿ: "ಅಜ್ಜ, ಅದ್ಯಾಕೆ ದೊಡ್ಡದಾಗ್ತಿದೆ?"

ಶ್ರೀ ಬಾರ್ದುರ್ (ಬೋರಲಾಗಿ): "ದೊಡ್ಡದಾಗ್ತಿಲ್ಲಮ್ಮಾ. ಓಡಿ ಬರ್ತಾ ಇದ್ದಾನೆ."

ಶಾಖಾಧಿಕಾರಿ: "ಮೇಲಕ್ಕೆ ಎತ್ಲಾ?"

ಶ್ರೀ ಬಾರ್ದುರ್: "ತಡಿ, ತಡಿ. ಕಾಲು ನೋಡ್ತೀನಿ. ಹೋದ ವರ್ಷ ಕುಂಟ್ತಿದ್ದ."

ಕಾಯಲಾಯಿತು. ಟಗರು ಡ್ರೋನನ್ನು ಗುಮ್ಮಿತು. ಮೂರನೆಯ ಡ್ರೋನ್ ಬಂಡೆಯ ಅಂಚಿನಿಂದ ಹಾರಿಬಿದ್ದು, ತೆಪ್ಪದವರ ಕಣ್ಣೆದುರೇ ಸಮುದ್ರವನ್ನು ಸೇರಿತು. "ಮೂರನೇದೂ ಹೋಯ್ತಾ?" ಎಂದು ಶ್ರೀ ಹ್ಯಾಲ್ಗ್ರೀಮ್ ಅವರು ಉಕ್ಕಿನ ದೋಣಿಯಿಂದ ಕೂಗಿದಾಗ, ಶ್ರೀ ಬಾರ್ದುರ್ ಅವರು ಕಂಡಿಕೆ 7ನ್ನು ಉಲ್ಲಂಘಿಸಿ ಎದ್ದು ಕುಳಿತು, "ಹೋಗ್ಲಿ ಬಿಡೋ! ನೋಡಿದ್ಯೇನೋ ಅವನ ಓಟಾನ! ಕುಂಟ್ತಾ ಇಲ್ಲ ಕಣೋ, ಒಂಚೂರೂ ಕುಂಟ್ತಾ ಇಲ್ಲ!" ಎಂದು ಕೂಗಿ ಅತ್ತಿರುತ್ತಾರೆ. ಶಾಖಾಧಿಕಾರಿಯವರೂ ಅತ್ತಿರುತ್ತಾರೆ. ಇಬ್ಬರ ಅಳುವಿನ ಕಾರಣ ಆಗ ಬೇರೆ ಬೇರೆಯಾಗಿತ್ತು.

ಡ್ರೋನ್ ಕಳಿಸಿದ ಕಡೆಯ ಚಿತ್ರದಲ್ಲಿ ಟಗರಿನ ಮುಖ ಬಿಟ್ಟು ಬೇರೇನೂ ಇರುವುದಿಲ್ಲ. ಬೇರೆ ದಾರಿ ಇಲ್ಲದೆ ಅದನ್ನೇ ರಾಜಧಾನಿಗೆ ಕಳುಹಿಸಲಾಯಿತು. ಪಶುವೈದ್ಯರು ಚಿತ್ರವನ್ನು ಪರಿಶೀಲಿಸಿ, ಕಣ್ಣುಗಳು ಹೊಳೆಯುತ್ತಿವೆ, ಮೂಗು ಸ್ವಚ್ಛವಾಗಿದೆ, ಕೊಂಬುಗಳು ಗಟ್ಟಿಯಾಗಿವೆ, ಮನೋಬಲದ ಬಗ್ಗೆ ಸಂಶಯವೇ ಇಲ್ಲ, ಇಂಥ ಟಗರಿರುವ ಹಿಂಡನ್ನು ಇಳಿಸಲು ಹೋಗುವವರ ಆರೋಗ್ಯದ ಬಗ್ಗೆ ಮಾತ್ರ ಚಿಂತೆಯಿದೆ ಎಂದು ಪ್ರಮಾಣೀಕರಿಸಿರುತ್ತಾರೆ. ಉಲ್ಲೇಖ (ಇ)ರ ಆದೇಶವನ್ನು ಹಿಂಪಡೆಯಲಾಗಿದೆ. ಹಿಂಡು ಇದ್ದಲ್ಲೇ ಇರುವುದು.

ಇಲಾಖೆಯ ಬಳಿ ಈಗ ಯಾವ ಡ್ರೋನ್ ಕೂಡ ಇಲ್ಲದಿರುವುದರಿಂದ, ಮೇಲಿನ ಹತ್ತೂ ಕಂಡಿಕೆಗಳನ್ನು ಇನ್ನು ಮುಂದೆ ಯಾವುದೇ ಲೋಪವಿಲ್ಲದೆ ಪಾಲಿಸಬಹುದೆಂದು ನಿರೀಕ್ಷಿಸಲಾಗಿದೆ.

(ಸಹಿ)
ಟೂರಿದ್
ಶಾಖಾಧಿಕಾರಿ, ಸ್ಟಾಪವೀಕ್
(ಶೀತದಿಂದಾಗಿ ರಜೆಯ ಮೇಲೆ)

ಪ್ರತಿಗಳು:
ಪ್ರಧಾನ ಕಚೇರಿ, ರಾಜಧಾನಿ: ಮಾಹಿತಿಗಾಗಿ ಹಾಗೂ ನಾಲ್ಕನೆಯ ಡ್ರೋನ್‌ಗಾಗಿ.
ಪಾದ್ರಿಯವರು: ಇನ್ನು ಮರಳಿ ಬರಬಹುದು.
ಶ್ರೀ ಹ್ಯಾಲ್ಗ್ರೀಮ್: ಉತ್ತರ ದಿಕ್ಕಿನ ನಕಾಶೆಯೊಂದಿಗೆ.
ಶಸ್ತ್ರವೈದ್ಯರು: ಕ್ಷಮಾಪಣೆಯೊಂದಿಗೆ.
ಶ್ರೀ ಬಾರ್ದುರ್: ಟಗರಿನ ಚಿತ್ರದ ದೊಡ್ಡ ಪ್ರತಿಯೊಂದಿಗೆ. ಚಿತ್ರ ನೋಡಲು ಅವರು ದಿನವೂ ಕಚೇರಿಗೆ ಬಂದು ಕೂರುತ್ತಿದ್ದು, ಇನ್ನು ಮನೆಯಲ್ಲೇ ನೋಡಿಕೊಳ್ಳಬಹುದಾಗಿದೆ. ಆದರೂ ಬರುವುದನ್ನು ನಿಲ್ಲಿಸಬಾರದೆಂದು ಈ ಮೂಲಕ ಕೋರಲಾಗಿದೆ.